ಅಪ್ಪನ ಫ್ರಿಜ್ ಸ್ವಿಚ್

ರಿಪೇರಿ ಡಿಪೊದಲ್ಲಿ ಕರೆಂಟಿನ ಟ್ರಾಲಿಬಸ್ಸುಗಳ ಹೊಟ್ಟೆಯಡಿ ತಲೆ ತೂರಿಸಿಕೊಂಡು ಮೂವತ್ತೈದು ವರ್ಷ ಕಳೆದವಳು ಬೊಹ್ದಾನಾ. ಆರುನೂರು ವೋಲ್ಟಿನ ತಂತಿಗೇ ಹೆದರದವಳು ಆರು ವೋಲ್ಟಿನ ಮೋಟಾರ್ ಸೈಕಲ್ಲಿಗೆ ಹೆದರಿಯಾಳೆ? ಗುರುವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದು, ಅಪ್ಪನ ಕೆಂಪು ಜಾವಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅಂಚೆಯಲ್ಲಿ ಬಂದ ಪುಟ್ಟ ಪೊಟ್ಟಣವನ್ನು ಬಿಚ್ಚಿದಳು. ಒಳಗೆ ಹೆಬ್ಬೆರಳು ಗಾತ್ರದ ಹೊಸ ಬ್ರೇಕ್ ದೀಪದ ಸ್ವಿಚ್ಚು, ಒಂದು ಸ್ಪ್ರಿಂಗು, ಎರಡು ತಿರುಪು.

"ಇಪ್ಪತ್ತು ನಿಮಿಷದ ಕೆಲ್ಸ," ಎಂದು ಅಕ್ಕನಿಗೆ ಹೇಳಿದಳು. "ಅದ್ರಲ್ಲಿ ಹತ್ತು ನಿಮಿಷ ನನ್ನ ಕಾಫಿ ಆರೋದಕ್ಕೆ."

ಅಕ್ಕ ವ್ಲಾಸ್ತಾ ಮುಕ್ಕಾಲಿಯ ಮೇಲೆ ಎಡಗಾಲು ನೀಡಿ ಕೂತಿದ್ದಳು. ತೊಡೆಯ ಮೇಲೆ ಪ್ಲಮ್ ಹಣ್ಣಿನ ಜಾಮು ತುಂಬಿದ ಬನ್ನುಗಳ ತಟ್ಟೆ. ಚಳಿಗಾಲದಲ್ಲಿ ಆಸ್ಪತ್ರೆಯವರು ಅವಳಿಗೆ ಹೊಸ ಮಂಡಿ ಹಾಕಿದ್ದರು. ಈಗ ಮಂಡಿ ಮಡಚುತ್ತಿತ್ತು. ಮಡಚುತ್ತದೆ ಎಂದು ಗೊತ್ತಾದ ದಿನವೇ ಬೊಹ್ದಾನಾ ಬೆನ್ನು ಹತ್ತಿದ್ದಳು. ಶನಿವಾರ ಹಳೆ ಗಾಡಿಗಳ ಸವಾರಿ ಇದೆ, ನಮ್ಮೂರು ಕಾಮೆನಿಟ್ಸೆಯಿಂದ ಹೊರಟು ಹನ್ನೊಂದು ಹಳ್ಳಿ ಸುತ್ತಿ ಬರುವುದು, ಈ ಸಲ ನೀನು ನನ್ನ ಹಿಂದೆ ಕೂರಲೇಬೇಕು ಎಂದು. ಮೂವತ್ತೆಂಟು ವರ್ಷದಿಂದ ಆ ಗಾಡಿಯ ಹತ್ತಿರವೂ ಸುಳಿಯದಿದ್ದ ವ್ಲಾಸ್ತಾ ಏಪ್ರಿಲ್ ಪೂರ್ತಿ ಆಗಲ್ಲ ಆಗಲ್ಲ ಎಂದು, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ್ದಳು. ಬ್ರೇಕ್ ದೀಪ ಹತ್ತುವುದನ್ನು ತನ್ನ ಕಣ್ಣಾರೆ ನೋಡಬೇಕು.

"ಹಳೇದಕ್ಕೆ ಏನಾಗಿದೆ?" ಎಂದಳು ವ್ಲಾಸ್ತಾ. "ಅದೂ ಹತ್ತತ್ತಲ್ಲ?"

"ಹತ್ತತ್ತೆ. ಶೆಬೆಸ್ತಾ ಬಿಡಲ್ಲ."

ಶೆಬೆಸ್ತಾ ಎಂದರೆ ಹಳೆ ಗಾಡಿಗಳ ಸಂಘದ ಅಧ್ಯಕ್ಷ. ಹೋದ ಶರತ್ಕಾಲದಲ್ಲಿ ಜಾವಾದ ಹಿಂಚಕ್ರದ ಬಳಿ ಬಗ್ಗಿ ನೋಡಿ, ಎದ್ದು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಇದೇನಮ್ಮಾ, ಬ್ರೇಕ್ ತುಳಿದ್ರೆ ಬೆಣ್ಣೆ ತಣ್ಣಗಾಗತ್ತಾ?" ಅವನು ನಕ್ಕಿದ್ದರಲ್ಲಿ ತಪ್ಪಿರಲಿಲ್ಲ. ಅಲ್ಲಿದ್ದದ್ದು ಫ್ರಿಜ್ಜಿನ ಬಾಗಿಲಿನ ಗುಂಡಿ.

ಅವರ ಅಪ್ಪ ಇಗ್ನಾತ್ಸ್ ವೊಂದ್ರಾ ಬಟ್ಟೆ ಗಿರಣಿಯ ಫಿಟ್ಟರು. ಮೂಲ ಸ್ವಿಚ್ಚು ಕೆಟ್ಟಾಗ ಅಂಗಡಿಗಳಲ್ಲಿ ಬಿಡಿಭಾಗ ಸಿಗದ ಕಾಲ. ಮೂರು ತಿಂಗಳು ಕಾದ, ನಾಲ್ಕನೆಯ ತಿಂಗಳು, ಕೆಟ್ಟು ಮೂಲೆ ಸೇರಿದ್ದ ಫ್ರಿಜ್ಜೊಂದರ ಗುಂಡಿ ಕಿತ್ತ. ನಮ್ಮ ಕಡೆಯವರು ತಮ್ಮ ಕೈಗಳನ್ನು ಬಂಗಾರದ ಕೈ ಎಂದು ತಾವೇ ಹೊಗಳಿಕೊಳ್ಳುವವರು. ಅಂಗಡಿಯಲ್ಲಿ ಇಲ್ಲದ್ದನ್ನು ಗ್ಯಾರೇಜಿನಲ್ಲಿ ಹುಟ್ಟಿಸದಿದ್ದರೆ ಗಂಡಸಿಗೆ ಊಟ ರುಚಿಸುತ್ತಿರಲಿಲ್ಲ. ಆದರೆ ಫ್ರಿಜ್ಜಿನ ಗುಂಡಿಯದು ಉಲ್ಟಾ ನ್ಯಾಯ: ಒತ್ತಿದರೆ ದೀಪ ಆರುತ್ತದೆ, ಬಿಟ್ಟರೆ ಹತ್ತುತ್ತದೆ. ಅದಕ್ಕೂ ಅಪ್ಪ ಉಪಾಯ ಮಾಡಿದ. ಗುಂಡಿಯನ್ನು ಗಾಡಿಯ ಚೌಕಟ್ಟಿಗೆ ಬಿಗಿದು, ಅದನ್ನು ಸದಾ ಒತ್ತಿ ಹಿಡಿಯಲು ಒಂದು ಸನ್ನೆಕೋಲು ಮಾಡಿ, ಆ ಸನ್ನೆಕೋಲಿನಿಂದ ಹಿಂಚಕ್ರದ ಬ್ರೇಕಿನ ತೋಳಿಗೆ ಒಂದು ತಂತಿ ಕಟ್ಟಿದ. ಬ್ರೇಕ್ ತುಳಿದರೆ ತಂತಿ ಸನ್ನೆಕೋಲನ್ನು ಎಳೆಯುತ್ತದೆ, ಗುಂಡಿ ಬಿಡುತ್ತದೆ, ದೀಪ ಹತ್ತುತ್ತದೆ. ಗಿರಣಿಯಲ್ಲಿ ಇಂಥ ಸುಧಾರಣೆಗಳಿಗೆ ಪ್ರಶಸ್ತಿಪತ್ರ ಕೊಡುತ್ತಿದ್ದರು. ಅಪ್ಪನ ಮೂರು ಪತ್ರಗಳು ಇವತ್ತಿಗೂ ನಡುಮನೆಯ ಗೋಡೆಯ ಮೇಲಿವೆ.

"ತೆಗೆಯೋಕೆ ಮುಂಚೆ ಒಂದ್ಸಲ ಹತ್ತಿ ಕೂರು," ಎಂದಳು ಬೊಹ್ದಾನಾ. "ನಿನ್ನ ಹೊಸ ಮಂಡಿ ಫುಟ್‌ರೆಸ್ಟಿಗೆ ಎಟುಕತ್ತೋ ಇಲ್ವೋ ನೋಡೋಣ. ಎಟುಕದಿದ್ರೆ ಅದನ್ನೂ ಇವತ್ತೇ ಸರಿ ಮಾಡ್ತೀನಿ."

"ಮಂಡೀನಾ?"

"ಫುಟ್‌ರೆಸ್ಟ್ ಕಣೇ. ಮಂಡಿಗೆ ಡಾಕ್ಟ್ರ ಗ್ಯಾರಂಟಿ ಇದೆ."

ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಬೊಹ್ದಾನಾ ಮುಂದೆ ಕೂತಳು. ವ್ಲಾಸ್ತಾ ತಂಗಿಯ ಹೆಗಲು ಹಿಡಿದು, ಉಸಿರು ಬಿಗಿಹಿಡಿದು, ಹಿಂದೆ ಏರಿದಳು. ಗಾಡಿ ಕೆಳಗೆ ಜಗ್ಗಿತು. ಇಬ್ಬರೂ ಪ್ಲಮ್ ಬನ್ನು ತಿಂದು ಬೆಳೆದವರು, ಗಾಡಿಗೆ ಅದು ಗೊತ್ತಾಗದೆ ಇದ್ದೀತೆ? ಮಂಡಿ ಮಡಚಿತು, ಕಾಲು ಎಟುಕಿತು. ಬೊಹ್ದಾನಾ ಖುಷಿಯಲ್ಲಿ, ಅಭ್ಯಾಸಬಲದಿಂದ, ಬಲಗಾಲಲ್ಲಿ ಬ್ರೇಕ್ ತುಳಿದಳು.

ಗಾಡಿಯ ಹಿಂದೆ ಒಂದು ಮೊಳದಲ್ಲಿ ಸುಣ್ಣ ಬಳಿದ ಗೋಡೆ. ವ್ಲಾಸ್ತಾ ತಿರುಗಿ ನೋಡುತ್ತಿದ್ದಳು. ತಿರುಗಿ ನೋಡುವುದು ಅವಳ ಷರತ್ತು.

"ದೀಪ ಹತ್ತಲಿಲ್ಲ," ಎಂದಳು.

ಆ ಮನೆಯಲ್ಲಿ ಮೂವತ್ತೆಂಟು ವರ್ಷದಿಂದ ಯಾರೂ ಆಡಬಾರದಾಗಿದ್ದ ಮಾತು ಅದು. ಅದನ್ನು ಮೊದಲು ಆಡಿದವನು ಹೋಲೆಚೆಕ್, ಸಹಕಾರಿ ಸಂಘದ ಹಾಲಿನ ಲಾರಿಯ ಡ್ರೈವರು. ಒಂದು ಮೇ ತಿಂಗಳ ಮಧ್ಯಾಹ್ನ ರೈಲ್ವೆ ಗೇಟು ಇಳಿಯತೊಡಗಿತು. ಅಪ್ಪ ಬ್ರೇಕ್ ತುಳಿದ, ಹಿಂದೆ ಇಪ್ಪತ್ತೆರಡು ವರ್ಷದ ವ್ಲಾಸ್ತಾ, ಅವಳ ಹಿಂದೆ ಲಾರಿ. ಹೋಲೆಚೆಕ್ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಹೊರಳಿಸಿದ್ದರಿಂದ ಗಾಡಿಯ ಹಿಂದಿನ ದೀಪ ಉಳಿಯಿತು, ಅಪ್ಪ ಉಳಿದ, ವ್ಲಾಸ್ತಾಳ ಎಡ ಮಂಡಿ ಉಳಿಯಲಿಲ್ಲ. ದೀಪ ಹತ್ತಲಿಲ್ಲ, ನನಗೆ ಕಾಣಲಿಲ್ಲ ಎಂದ ಹೋಲೆಚೆಕ್. ಹತ್ತಿತು ಎಂದ ಅಪ್ಪ. ಮಾರನೆಯ ದಿನ ಅಪ್ಪ ಗಾಡಿಯನ್ನು ಊರ ಮಧ್ಯದ ಹುಲ್ಲಿನ ಬಯಲಿಗೆ ತಳ್ಳಿಕೊಂಡು ಹೋಗಿ, ಹೆಂಡದಂಗಡಿಯ ಮುಂದೆ ಸ್ಟ್ಯಾಂಡ್ ಹಾಕಿ, ಊರೆಲ್ಲ ನೋಡುವಂತೆ ಹತ್ತು ಸಲ ಬ್ರೇಕ್ ಒತ್ತಿ ತೋರಿಸಿದ. ಹತ್ತು ಸಲವೂ ದೀಪ ಹತ್ತಿತು. ಊರು ಚಪ್ಪಾಳೆ ತಟ್ಟಿತು. ಹತ್ತೊಂಬತ್ತರ ಬೊಹ್ದಾನಾ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಹೋಲೆಚೆಕ್ಕನ ಲಾರಿ ಕಿತ್ತುಕೊಂಡು ಅವನನ್ನು ಕರುಗಳ ಕೊಟ್ಟಿಗೆಗೆ ಹಾಕಿದರು. ಊರು ಅವನಿಗೆ ಕುರುಡ ಹೋಲೆಚೆಕ್ ಎಂದು ಹೆಸರಿಟ್ಟಿತು. ಅವನು ಮತ್ತೆ ಯಾವ ಗಾಡಿಯ ಸ್ಟೀರಿಂಗನ್ನೂ ಮುಟ್ಟಲಿಲ್ಲ.

"ಇಳಿ," ಎಂದಳು ಬೊಹ್ದಾನಾ. ವ್ಲಾಸ್ತಾ ಇಳಿದಳು. ಬೊಹ್ದಾನಾ ತುಳಿದಳು. ಗೋಡೆಯ ಮೇಲೆ ಕೆಂಪು ಬೆಳಕು ಬಿತ್ತು.

"ಹತ್ತು." ವ್ಲಾಸ್ತಾ ಹತ್ತಿದಳು. ಬೊಹ್ದಾನಾ ತುಳಿದಳು. ಗೋಡೆ ಬೆಳ್ಳಗೇ ಇತ್ತು.

ಮೂರನೆಯ ಸಲ ಪರೀಕ್ಷಿಸುವ ಅಗತ್ಯವಿರಲಿಲ್ಲ, ಆದರೂ ಪರೀಕ್ಷಿಸಿದಳು. ಆಮೇಲೆ ಅಕ್ಕನನ್ನು ಇಳಿಸದೆ, ಕೂತಲ್ಲಿಂದಲೇ ಕೆಳಗೆ ಬಗ್ಗಿ, ಬೆರಳಿನಿಂದ ತಂತಿಯನ್ನು ಮೀಟಿದಳು. ಒಗೆದ ಬಟ್ಟೆಯಿಲ್ಲದ ಹಗ್ಗದ ಹಾಗೆ ಸಡಿಲವಾಗಿ ಜೋತುಬಿದ್ದಿತ್ತು. ಎಲ್ಲ ಸ್ಪಷ್ಟವಾಯಿತು. ಇಬ್ಬರ ಭಾರಕ್ಕೆ ಗಾಡಿ ತಗ್ಗುತ್ತದೆ, ಹಿಂಚಕ್ರ ಚೌಕಟ್ಟಿನ ಹತ್ತಿರ ಬರುತ್ತದೆ, ಚಕ್ರದ ಬಳಿ ಕಟ್ಟಿದ ತಂತಿ ಸಡಿಲಾಗುತ್ತದೆ. ಬ್ರೇಕು ಹಿಡಿಯುತ್ತದೆ, ಆದರೆ ತಂತಿ ಬಿಗಿಯಾಗುವಷ್ಟು ತೋಳು ತಿರುಗುವುದಿಲ್ಲ. ಒಬ್ಬರೇ ಕೂತರೆ ಎಲ್ಲ ಸರಿ. ಸ್ಟ್ಯಾಂಡಿನ ಮೇಲಂತೂ ಗಡಿಯಾರದಷ್ಟು ಸರಿ.

"ಅಪ್ಪ ಸುಳ್ಳು ಹೇಳ್ಲಿಲ್ಲ," ಎಂದಳು ಬೊಹ್ದಾನಾ.

"ಇಲ್ಲ," ಎಂದಳು ವ್ಲಾಸ್ತಾ. "ಹೋಲೆಚೆಕ್ಕೂ ಹೇಳ್ಲಿಲ್ಲ."

ಬೊಹ್ದಾನಾಳ ಕಿವಿ ಕೆಂಪಾಯಿತು. ತಪ್ಪು ತನ್ನದಾದಾಗ ಅವಳಿಗೆ ಬರುವುದು ಮೊದಲು ಸಿಟ್ಟು, ಆಮೇಲೆ ಬುದ್ಧಿ. "ಈಗೇನು? ಹೊಸದು ಹಾಕ್ತೀನಿ. ಹಳೇದನ್ನ ಕಸಕ್ಕೆ ಎಸೀತೀನಿ. ಅಪ್ಪ ಹೋಗಿ ಹದಿನೈದು ವರ್ಷ ಆಯ್ತು. ಇನ್ನು ಅವರ ಹೆಸರು ಕೆಡಿಸಿ ಯಾರಿಗೆ ಏನು ಸಿಗ್ಬೇಕು?"

"ಅಪ್ಪ ಹೋದ್ರು. ಹೋಲೆಚೆಕ್ ಇದಾರಲ್ಲ."

"ಅವರಿಗೀಗ ಎಪ್ಪತ್ತೆಂಟು ವರ್ಷ. ಮರ್ತಿರ್ತಾರೆ."

"ಮರ್ತಿರ್ತಾರಾ?" ವ್ಲಾಸ್ತಾ ಬನ್ನಿನ ತಟ್ಟೆಯನ್ನು ಕೆಲಸದ ಮೇಜಿನ ಮೇಲೆ ಕುಕ್ಕಿದಳು. "ಅಮ್ಮನ ಮಣ್ಣಿನ ದಿನ ಹೂವು ಹಿಡ್ಕೊಂಡು ಬಂದಿದ್ರು. ನಾನು ಕೈಯಲ್ಲಿ ಮುಟ್ಲಿಲ್ಲ. ಎಲ್ಲರ ಮುಂದೆ. ಹೂವು ಹಿಡ್ಕೊಂಡೇ ವಾಪಸ್ ಹೋದ್ರು. ಅದು ನಂಗೆ ಮರ್ತಿಲ್ಲ, ದಾನಾ. ಮಂಡಿ ಹೋಗಿದ್ದು ನಂದು. ನಿನ್ನ ಹೊಸ ಸ್ವಿಚ್ ಏನು ಬೇಕಾದ್ರೂ ಹಾಕ್ಕೋ. ಹೋಲೆಚೆಕ್‌ಗೆ ಹೇಳೋವರೆಗೂ ನಾನು ಇದ್ರ ಮೇಲೆ ಕೂರಲ್ಲ."

"ಸರಿ, ಅವರ ಮನೆಗೆ ಹೋಗಿ ಹೇಳಿಬರೋಣ."

"ಅಪ್ಪ ತೋರಿಸಿದ್ದು ಅವರ ಮನೇಲಾ?"

ಬೊಹ್ದಾನಾಗೆ ಚುಚ್ಚುತ್ತಿದ್ದದ್ದು ಅಕ್ಕನ ಮಾತಲ್ಲ. ಡಿಪೊದಲ್ಲಿ ಬ್ರೇಕ್ ರಿಪೇರಿಯಾದ ಬಸ್ಸನ್ನು ಖಾಲಿ ಓಡಿಸಿ ನೋಡಿ ಸಹಿ ಹಾಕುವಂತಿರಲಿಲ್ಲ. ಸೀಟುಗಳ ಮೇಲೆ ಮರಳಿನ ಮೂಟೆ ಹೇರಿ ನೋಡಬೇಕು. ಖಾಲಿ ಬಸ್ಸಿನ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ಹೊಸಬರಿಗೆಲ್ಲ ಗದರಿಸಿ ಕಲಿಸಿದವಳು ಇವಳೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಇಡೀ ಊರಿಗೆ ಊರೇ ಪ್ರತ್ಯಕ್ಷ ಕಂಡಿತ್ತು, ಯಾರೂ ಹತ್ತಿ ಕೂತು ನೋಡಿರಲಿಲ್ಲ. ಇವಳೂ ನೋಡಿರಲಿಲ್ಲ. ಅಪ್ಪನ ಕೈಕೆಲಸದ ಮೇಲೆ ಅಷ್ಟು ನಂಬಿಕೆ. ಆ ನಂಬಿಕೆಯ ಭಾರವನ್ನು ಕರುಗಳ ಕೊಟ್ಟಿಗೆಯಲ್ಲಿ ಹೊತ್ತವನು ಬೇರೆಯವನು.

ಹೊಸ ಸ್ವಿಚ್ಚನ್ನು ಪೊಟ್ಟಣಕ್ಕೆ ಹಾಕಿ ಜಾಕೆಟ್ಟಿನ ಜೇಬಿಗೆ ಸೇರಿಸಿದಳು. ಕಾಫಿ ಆರಿ ತಣ್ಣಗಾಗಿತ್ತು. ಗಸಿ ಬಿಟ್ಟು ಮೇಲಿನದನ್ನು ಒಂದೇ ಗುಟುಕಿಗೆ ಕುಡಿದಳು. ಬುದ್ಧಿ ಬಂದಿತ್ತು.

"ಶನಿವಾರ ತಳ್ಳಿಕೊಂಡು ಹೋಗೋಣ," ಎಂದಳು. "ಇಳಿಜಾರು. ನಿನ್ನ ಮಂಡಿಗೂ ವ್ಯಾಯಾಮ."

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಯಲಿನ ತುಂಬ ಗಾಡಿಗಳು, ಎಣ್ಣೆಯ ಹೊಗೆ, ಚರ್ಮದ ಟೋಪಿಗಳು. ಕರಿದ ಮಾಂಸವನ್ನು ಬ್ರೆಡ್ಡಿನ ನಡುವೆ ಇಟ್ಟುಕೊಂಡು ಗಂಡಸರು ಒಬ್ಬರ ಎಂಜಿನ್ನನ್ನು ಇನ್ನೊಬ್ಬರು ಹೀಯಾಳಿಸುತ್ತಿದ್ದರು. ಅಗ್ನಿಶಾಮಕದವರ ಕೊಠಡಿಯ ಪಕ್ಕದ ಲಿಂಡನ್ ಮರದ ಕೆಳಗೆ, ಪ್ರತಿ ವರ್ಷದಂತೆ, ಹೋಲೆಚೆಕ್ ಒಬ್ಬನೇ ನಿಂತಿದ್ದ. ಗಾಡಿಗಳೆಂದರೆ ಅವನಿಗೆ ಇಷ್ಟ. ಬರುತ್ತಿದ್ದ, ದೂರದಿಂದ ನೋಡುತ್ತಿದ್ದ, ಮೊದಲ ಗಾಡಿ ಹೊರಟ ಕೂಡಲೇ ಮನೆಗೆ ಹೋಗುತ್ತಿದ್ದ.

ಶೆಬೆಸ್ತಾ ಕೈಯಲ್ಲಿ ಪುಸ್ತಕ ಹಿಡಿದು ಒಂದೊಂದೇ ಗಾಡಿ ತಪಾಸಣೆ ಮಾಡುತ್ತ ಬಂದ. ಜಾವಾದ ಹಿಂದೆ ಬಗ್ಗಿದ. "ಅಯ್ಯೋ, ಇನ್ನೂ ಫ್ರಿಜ್ಜೇ ಇದೆಯಲ್ಲಮ್ಮ! ಹೊಸದು ಬಂದಿಲ್ವಾ?"

"ಜೇಬಲ್ಲಿದೆ. ಮೊದ್ಲು ಹಳೇದನ್ನ ಪರೀಕ್ಷೆ ಮಾಡಿ."

"ಅದನ್ನ ಯಾಕೆ? ಅದು ಹತ್ತತ್ತೆ ಅಂತ ಊರಿಗೆಲ್ಲ ಗೊತ್ತು."

"ಊರಿಗೆ ಗೊತ್ತಿರೋದನ್ನೇ ಪರೀಕ್ಷೆ ಮಾಡ್ಬೇಕು, ಶೆಬೆಸ್ತಾ," ಎಂದು ಬೊಹ್ದಾನಾ ಎಲ್ಲರಿಗೂ ಕೇಳುವಂತೆ ಹೇಳಿದಳು. ಡಿಪೊದ ಗದ್ದಲದಲ್ಲಿ ಪಳಗಿದ ಗಂಟಲು. ಬಯಲಿನ ಅರ್ಧ ಜನ ತಿರುಗಿ ನೋಡಿದರು.

ವ್ಲಾಸ್ತಾ ಆಗಲೇ ಲಿಂಡನ್ ಮರದತ್ತ ನಡೆದಿದ್ದಳು. ಹೊಸ ಮಂಡಿಯಲ್ಲಿ, ಕುಂಟದೆ. "ಹೋಲೆಚೆಕ್ ಅವರೇ, ಸ್ವಲ್ಪ ಬರ್ತೀರಾ? ನಿಮ್ಮ ಕಣ್ಣು ಬೇಕಿತ್ತು."

"ನನ್ನ ಕಣ್ಣು?" ಹೋಲೆಚೆಕ್ ಅವಳನ್ನೇ ದಿಟ್ಟಿಸಿದ. "ಈ ಊರಲ್ಲಿ ಅದಕ್ಕೆ ಬೆಲೆ ಇಲ್ಲಮ್ಮ."

"ಇವತ್ತು ಇದೆ. ಬನ್ನಿ." ಅವನ ಮೊಣಕೈ ಹಿಡಿದಳು. ಅವನು ಬಂದದ್ದು ಮಾತಿಗಲ್ಲ, ಅವಳು ಮುಟ್ಟಿದ್ದಕ್ಕೆ.

ಅವನನ್ನು ಜಾವಾದ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲಿಸಿದರು. ಗಾಡಿ ಸ್ಟ್ಯಾಂಡಿನ ಮೇಲಿತ್ತು. ಬೊಹ್ದಾನಾ ಕೈಯಿಂದ ಬ್ರೇಕ್ ಒತ್ತಿದಳು. ದೀಪ ಹತ್ತಿತು. ಜನರಲ್ಲಿ ಯಾರೋ ಕಿಸಕ್ಕೆಂದರು. ಹೋಲೆಚೆಕ್ಕನ ಮುಖ ಸಪ್ಪಗಾಯಿತು. ಮೂವತ್ತೆಂಟು ವರ್ಷದ ಹಿಂದಿನ ಅದೇ ಬಯಲು, ಅದೇ ಗಾಡಿ, ಅದೇ ಆಟ. ಟೋಪಿ ಸರಿಮಾಡಿಕೊಂಡು ಹೊರಡಲು ತಿರುಗಿದ.

"ಇನ್ನೂ ಮುಗ್ದಿಲ್ಲ," ಎಂದಳು ವ್ಲಾಸ್ತಾ. "ದಯವಿಟ್ಟು. ಅಲ್ಲೇ ನಿಂತಿರಿ."

ಬೊಹ್ದಾನಾ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಏರಿದಳು. ವ್ಲಾಸ್ತಾ ಹಿಂದೆ ಏರಿದಳು. ಮೂವತ್ತೆಂಟು ವರ್ಷದ ಮೇಲೆ ವೊಂದ್ರಾನ ಹಿರಿಮಗಳು ಜಾವಾದ ಮೇಲೆ ಕೂತದ್ದನ್ನು ನೋಡಿ ಮುದುಕಿಯರು ಹತ್ತಿರ ಸರಿದರು. ಬೊಹ್ದಾನಾ ಬ್ರೇಕನ್ನು ಕೊನೆಯವರೆಗೂ ತುಳಿದು, ಹಾಗೇ ಹಿಡಿದಳು.

"ಹೋಲೆಚೆಕ್ ಅವರೇ, ಏನು ಕಾಣತ್ತೆ?"

ಅವಳು ಕಾಲು ಬಿಟ್ಟು ಇನ್ನೊಮ್ಮೆ ತುಳಿದಳು.

"ಹತ್ತಲಿಲ್ಲ," ಎಂದ ಹೋಲೆಚೆಕ್, ತನಗೆ ತಾನೇ ಹೇಳಿಕೊಂಡ ಹಾಗೆ.

"ಜೋರಾಗಿ ಹೇಳಿ. ಅವತ್ತು ಹೇಳಿದ್ರಲ್ಲ, ಹಾಗೆ."

"ಹತ್ತಲಿಲ್ಲ!" ಮುದುಕನ ಧ್ವನಿ ಒಡೆಯಿತು. "ಹತ್ತಲಿಲ್ಲ ಕಣ್ರೋ! ನಾನು ಅವತ್ತೂ ಹೇಳಿದ್ದೆ!"

ಬೊಹ್ದಾನಾ ಗಾಡಿಯ ಮೇಲೆ ಕೂತೇ ಊರಿನ ಕಡೆ ತಿರುಗಿದಳು. ಭಾಷಣ ಅವಳಿಗೆ ಒಗ್ಗದ ಕೆಲಸ, ಆದರೆ ರಿಪೇರಿಯ ವರದಿ ಒಪ್ಪಿಸುವುದು ನೀರು ಕುಡಿದಷ್ಟು ಸಲೀಸು. "ನಮ್ಮಪ್ಪ ಈ ತಂತಿನ ಒಬ್ಬರ ಭಾರಕ್ಕೆ ಕಟ್ಟಿದ್ರು. ಇಬ್ಬರು ಕೂತ್ರೆ ಸಡಿಲ ಆಗತ್ತೆ. ಅವತ್ತು ಇಬ್ಬರಿದ್ರು. ಅಪ್ಪಂಗೆ ಇದು ಗೊತ್ತಿರ್ಲಿಲ್ಲ, ದೇವರಾಣೆ ಗೊತ್ತಿರ್ಲಿಲ್ಲ. ಆದ್ರೆ ತಪ್ಪು ಅವರದೇ. ಇಲ್ಲಿ ಸ್ಟ್ಯಾಂಡ್ ಹಾಕಿ ತೋರಿಸಿದಾಗ ನೀವೂ ಚಪ್ಪಾಳೆ ತಟ್ಟಿದ್ರಿ, ನಾನೂ ತಟ್ಟಿದೆ. ಹೋಲೆಚೆಕ್ ಅವರು ಕಂಡಿದ್ದನ್ನೇ ಹೇಳಿದ್ರು. ಅಷ್ಟೇ."

ಕರುಗಳ ಕೊಟ್ಟಿಗೆಯಲ್ಲಿ ಹೋಲೆಚೆಕ್ಕನ ಜೊತೆ ಕೆಲಸ ಮಾಡಿದ್ದ ಒಬ್ಬ ನೆಲ ನೋಡುತ್ತಿದ್ದ. ಶೆಬೆಸ್ತಾ ಚರ್ಮದ ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡ.

ಮುಂದಿನದು ಕೆಲಸ, ಕೆಲಸದಲ್ಲಿ ಬೊಹ್ದಾನಾಳದು ಎತ್ತಿದ ಕೈ. ಬ್ಯಾಟರಿಯ ತಂತಿ ಬಿಡಿಸಿದಳು. ಅಪ್ಪನ ಸನ್ನೆಕೋಲು, ತಂತಿ, ಗುಂಡಿ ಮೂರನ್ನೂ ಕಳಚಿದಳು. ಪೆಡಲಿನ ಮೇಲೆ ಚೌಕಟ್ಟಿನಲ್ಲಿ ಅಪ್ಪ ಬಳಿದ ಬಣ್ಣವನ್ನು ಚೂರಿಯಿಂದ ಕೆರೆದಾಗ ಮೂಲ ಸ್ವಿಚ್ಚಿನ ಎರಡು ತೂತು ಸಿಕ್ಕವು. ಸ್ವಿಚ್ಚಿನ ಜಾಗ ಪೆಡಲಿನ ಹತ್ತಿರವೇ. ಪೆಡಲು ಚೌಕಟ್ಟಿನ ಮೇಲಿದೆ, ಸ್ವಿಚ್ಚೂ ಚೌಕಟ್ಟಿನ ಮೇಲೆ. ಚಕ್ರ ಏರಲಿ ಇಳಿಯಲಿ, ಇವೆರಡರ ನಡುವಿನ ದೂರ ಬದಲಾಗದು. ಕಾರ್ಖಾನೆಯವರು ಸುಮ್ಮನೆ ಅಲ್ಲಿ ಇಟ್ಟಿರಲಿಲ್ಲ. ಚೂರು ಮರಳು ಕಾಗದದಿಂದ ತುಕ್ಕು ಉಜ್ಜಿ, ತಿರುಪು ಬಿಗಿದು, ಸ್ಪ್ರಿಂಗಿನ ಒಂದು ತುದಿಯನ್ನು ಸ್ವಿಚ್ಚಿಗೆ, ಇನ್ನೊಂದನ್ನು ಪೆಡಲಿಗೆ ಸಿಕ್ಕಿಸಿದಳು. ಎರಡು ತಂತಿ ಜೋಡಿಸಿದಳು.

ಕಳಚಿದ ಗುಂಡಿಯನ್ನು ಹೋಲೆಚೆಕ್ಕನ ಅಂಗೈಯಲ್ಲಿ ಇಟ್ಟಿದ್ದಳು. ಅವನು ಅದನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದ.

"ಇದೇನಾ?"

"ಅದೇ. ಫ್ರಿಜ್ಜಿಂದು."

"ಒಂದು ಫ್ರಿಜ್ಜಿನ ಗುಂಡಿ ದೆಸೆಯಿಂದ ಇಪ್ಪತ್ತು ವರ್ಷ ಕರುಗಳಿಗೆ ಹಾಲು ಕುಡಿಸ್ದೆ," ಎಂದ. ನಗಲೋ ಬೇಡವೋ ಎಂದು ಬಾಯಿ ಗೊಂದಲದಲ್ಲಿತ್ತು, ಕೊನೆಗೆ ನಕ್ಕಿತು. "ಕರುಗಳು ಒಳ್ಳೇವೇ ಇದ್ವು ಬಿಡು. ಯಾವುದೂ ನನ್ನ ಕುರುಡ ಅನ್ನಲಿಲ್ಲ."

ವ್ಲಾಸ್ತಾಗೆ ಅಳು ಬಂತು. ಅವಳು ತಡೆಯಲೂ ಇಲ್ಲ, ಮುಚ್ಚಲೂ ಇಲ್ಲ. "ಅಮ್ಮನ ಮಣ್ಣಿಗೆ ನೀವು ತಂದ ಹೂವು..."

"ಅದನ್ನ ಸಂಜೆ ಬಂದು ಇಟ್ಟು ಹೋದೆ," ಎಂದ ಹೋಲೆಚೆಕ್. "ನೀವೆಲ್ಲ ಹೋದ ಮೇಲೆ." ಗುಂಡಿಯನ್ನು ಇನ್ನೊಮ್ಮೆ ಒತ್ತಿದ. "ಕೇಳು ಹುಡುಗಿ. ನಂದೂ ಒಂದು ಮಾತು ಉಳಿದಿದೆ. ಅವತ್ತು ನಾನು ತೀರಾ ಹತ್ತಿರ ಬಂದಿದ್ದೆ. ದೀಪ ಹತ್ತದಿದ್ರೂ ನಿಲ್ಲಿಸೋ ಅಷ್ಟು ದೂರ ಇರ್ಬೇಕಿತ್ತು. ಡೈರಿಗೆ ಹೊತ್ತಾಗಿತ್ತು. ಅದನ್ನ ಹೇಳಿದ್ರೆ ಯಾರೂ ದೀಪದ ಮಾತು ಕೇಳ್ತಿರ್ಲಿಲ್ಲ. ಅದಕ್ಕೆ ಹೇಳ್ಲಿಲ್ಲ."

ವ್ಲಾಸ್ತಾ ಮುಂಗೈಯಿಂದ ಕಣ್ಣೊರೆಸಿಕೊಂಡು, ತಲೆಯಾಡಿಸಿದಳು. "ಈಗ ಹೇಳಿದ್ರಲ್ಲ," ಎಂದಳು.

"ಇಪ್ಪತ್ತು ನಿಮಿಷ ಆಯ್ತು," ಎಂದು ಬೊಹ್ದಾನಾ ಕೈ ಒರೆಸಿಕೊಂಡು ಎದ್ದಳು. ಯಾರೂ ಗಡಿಯಾರ ನೋಡಲಿಲ್ಲ, ನೋಡಿದ್ದರೆ ಮೂವತ್ತೈದು. ಶೆಬೆಸ್ತಾ ಪೆನ್ನು ತೆಗೆದು ಗಾಡಿಯ ಹಿಂದೆ ಬಂದು ನಿಲ್ಲಲು ಹೋದ. ಬೊಹ್ದಾನಾ ಅವನನ್ನು ಪಕ್ಕಕ್ಕೆ ಸರಿಸಿದಳು. "ನೀವಲ್ಲ. ಅವರು ನೋಡ್ಲಿ."

ಬ್ಯಾಟರಿ ಜೋಡಿಸಿ ಇಬ್ಬರೂ ಏರಿ ಕೂತರು. ಗಾಡಿ ಜಗ್ಗಿತು. ತನ್ನ ಕೈಕೆಲಸದ ಬಗ್ಗೆ ಬೊಹ್ದಾನಾಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ಆದರೂ ಕಾಲು ಪೆಡಲಿನ ಮೇಲಿಟ್ಟವಳು ತಕ್ಷಣ ತುಳಿಯಲಿಲ್ಲ. ದೀಪ ಅವಳ ಬೆನ್ನ ಹಿಂದಿತ್ತು. ಸವಾರನಿಗೆ ತನ್ನ ಬ್ರೇಕ್ ದೀಪ ಎಂದೂ ಕಾಣುವುದಿಲ್ಲ, ಅಪ್ಪನಿಗೂ ಕಂಡಿರಲಿಲ್ಲ. ಹಿಂದಿರುವವನು ಹೇಳಬೇಕು, ಇವನು ನಂಬಬೇಕು.

ಅವಳು ತುಳಿದಳು. ವ್ಲಾಸ್ತಾ ಈ ಸಲ ತಿರುಗಿ ನೋಡಲಿಲ್ಲ. ಎರಡೂ ಕೈಗಳಿಂದ ತಂಗಿಯ ಸೊಂಟ ಬಳಸಿ, ಮುಂದೆ ನೋಡುತ್ತ, ಕಾದಳು.

"ಹತ್ತಿತು," ಎಂದ ಹೋಲೆಚೆಕ್, ಊರಿಗೆಲ್ಲ ಕೇಳುವ ಹಾಗೆ.

ಶೆಬೆಸ್ತಾ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡ.